ಬೋನಾಳಕ್ಕೆ ನಲವತ್ತು ಸೆಕೆಂಡ್

ಇವತ್ತು ರಾಜಕೀಯ ಬೇಡ.

ಇನ್ನೊಂದು ವಾರಕ್ಕೆ ದಸರಾ ರಜೆ. ನಮ್ಮ ನ್ಯೂಸ್‌ರೂಮಿನಲ್ಲೇ ಅರ್ಧ ಮಂದಿ ರಜೆ ಚೀಟಿ ಕೊಟ್ಟು ಕೂತಿದ್ದಾರೆ. ಎಲ್ಲಿಗೆ ಹೊರಟ್ರಿ ಅಂತ ಕೇಳಿದರೆ ಹೆಚ್ಚುಕಡಿಮೆ ಎಲ್ಲರ ಉತ್ತರ ಒಂದೇ, ಕಾಡಿಗೆ. ಬಂಡೀಪುರ, ನಾಗರಹೊಳೆ, ಕಬಿನಿ, ದಾಂಡೇಲಿ. ರೂಮು ಸಿಕ್ಕಿಲ್ಲ ಅಂತ ಒಬ್ಬರು, ಸಫಾರಿ ಸೀಟು ಸಿಕ್ಕಿಲ್ಲ ಅಂತ ಇನ್ನೊಬ್ಬರು. ಫಾರೆಸ್ಟ್ ಆಫೀಸರ್ ಯಾರಾದ್ರೂ ಗೊತ್ತಾ ಸಾರ್ ಅಂತ ನನ್ನ ಟೇಬಲ್ ಹತ್ತಿರ ಬಂದವರೇ ಮೂವರು. ಮಾತೆಲ್ಲ ಮುಗಿದ ಮೇಲೆ ಕೊನೆಗೆ ಬರುವುದು ಒಂದೇ ಪ್ರಶ್ನೆ. ಹುಲಿ ಕಾಣುತ್ತಾ?

ನಾನು ಓದಿದ್ದು ಇಂಜಿನಿಯರಿಂಗ್. ಆ ಕೆಲಸ ಮಾಡಲಿಲ್ಲ, ಆದರೆ ಲೆಕ್ಕ ಹಾಕುವ ಚಟ ಹೋಗಿಲ್ಲ. 2022ರ ಹುಲಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಮಧ್ಯಪ್ರದೇಶ ಬಿಟ್ಟರೆ ದೇಶದಲ್ಲಿ ನಾವೇ. ಹೆಮ್ಮೆ ಪಡಿ, ತಪ್ಪಿಲ್ಲ. ಆದರೆ 563 ಅಂದ್ರೆ ಎಷ್ಟು ಹೇಳಿ? ನಮ್ಮೂರಿನ ಜಾತ್ರೆಯಲ್ಲಿ ಒಂದು ಮಿಠಾಯಿ ಅಂಗಡಿ ಮುಂದೆ ಅಷ್ಟು ಜನ ಸೇರ್ತಾರೆ. ಅಷ್ಟು ಹುಲಿಗಳು ಸಾವಿರಾರು ಚದರ ಕಿಲೋಮೀಟರ್ ಕಾಡಿನಲ್ಲಿ ಹಂಚಿಹೋಗಿವೆ. ನಮ್ಮ ಜೀಪು ಓಡಾಡುವುದು ಅದರಲ್ಲಿ ಒಂದು ಚೂರಿನಲ್ಲಿ, ಎರಡು ಮೂರು ತಾಸು.

ಇನ್ನು ಕಾಲದ ಲೆಕ್ಕ. ಶರತ್ಕಾಲ ಅಂದಕೂಡಲೇ ಈಗ ನಮ್ಮ ಕಣ್ಣಿಗೆ ಬರುವುದು ಮೊಬೈಲ್‌ನಲ್ಲಿ ನೋಡಿದ ವಿದೇಶದ ಕಾಡು. ಎಲೆಯೆಲ್ಲ ಕೆಂಪು, ಹಳದಿ, ಉದುರಿ ಹಾಸಿಗೆ ಹಾಸಿದ ಹಾಗೆ. ನಮ್ಮ ಶರತ್ಕಾಲ ಅಂದರೆ ಆಶ್ವಯುಜ, ಕಾರ್ತಿಕ. ಮುಂಗಾರು ಆಗತಾನೇ ಹಿಂದೆ ಸರಿದಿರುತ್ತೆ. ಬಂಡೀಪುರದಂಥ ಕಾಡು ಎಲೆ ಉದುರಿಸುವುದು ಚಳಿ ಕಳೆದು ಬೇಸಿಗೆ ಹತ್ತಿರ ಬಂದಾಗ. ಈಗ ಅದು ಹಸಿರು ಹಚ್ಚಡ. ಹುಲ್ಲು ಸೊಂಟದವರೆಗೆ ಬಂದಿರುತ್ತೆ, ದಾರಿ ಪಕ್ಕ ಲಂಟಾನಾ ಗೋಡೆ ಕಟ್ಟಿರುತ್ತೆ, ಪ್ರತಿ ತಗ್ಗಿನಲ್ಲೂ ನೀರು. ಬೇಸಿಗೆಯಲ್ಲಾದರೆ ಕೆರೆಕಟ್ಟೆ ಬತ್ತಿ ಪ್ರಾಣಿಗಳು ಉಳಿದ ನೀರು ಹುಡುಕಿಕೊಂಡು ಬರಲೇಬೇಕು. ಈಗ ಅವುಗಳಿಗೆ ಆ ದರ್ದಿಲ್ಲ. ಇದ್ದಲ್ಲೇ ನೀರು, ಇದ್ದಲ್ಲೇ ಮೇವು. ಅಂದರೆ ಹುಲಿ ನೋಡಲಿಕ್ಕೆ ನಾವು ಅತಿ ಹೆಚ್ಚು ನುಗ್ಗುವ ದಿನಗಳು, ಹುಲಿ ಕಾಣುವ ಸಾಧ್ಯತೆ ಕಡಿಮೆ ಇರುವ ದಿನಗಳು.

ಹಾಗಂತ ಹೋಗಬೇಡಿ ಅಂತಲ್ಲ. ಮಳೆ ತೊಳೆದ ಕಾಡು ನೋಡಲಿಕ್ಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಹುಲಿಗೋಸ್ಕರ ಹೋಗಬೇಡಿ, ಅಷ್ಟೆ.

ನಾನೂ ಹಾಗೆ ಹೋದವನೇ. ಒಂದು ದಸರಾ ರಜೆಯಲ್ಲಿ ಗೆಳೆಯರ ಗುಂಪಿನ ಜೊತೆ ಒಂದು ಹೆಸರಾಂತ ಅಭಯಾರಣ್ಯಕ್ಕೆ. ಯಾವುದು ಅಂತ ಬೇಡ. ಮಿನಿ ಬಸ್ಸು ತುಂಬ ಜನ, ಕುರ್‌ಕುರೆ ಪೊಟ್ಟಣ, ಅಳುವ ಮಗು, ಅದನ್ನು ಸುಮ್ಮನಿರಿಸಲು ಫೋನಿನಲ್ಲಿ ಕಾರ್ಟೂನು. ಜಿಂಕೆ ಕಂಡಿತು, ಒಂದು ನಿಮಿಷ ಖುಷಿ. ಮತ್ತೆ ಜಿಂಕೆ, ಅರ್ಧ ನಿಮಿಷ. ಆಮೇಲೆ ಜಿಂಕೆ ಕಂಡರೆ "ಥೋ, ಜಿಂಕೆ" ಅಂದರು. ಒಂದು ಆನೆ ಮರಿ ಕಟ್ಟಿಕೊಂಡು ಅಡ್ಡ ಹೋಯಿತು. ಕೊನೆಗೆ ಇಳಿಯುವಾಗ ಒಬ್ಬರು ಡ್ರೈವರ್ ಮೇಲೆ ರೇಗಿದರು, ಇಷ್ಟು ದುಡ್ಡು ತಗೊಂಡು ಏನೂ ತೋರಿಸಲಿಲ್ಲ ಅಂತ. ಆ ರೇಗಿದವರು ಯಾರು ಅಂತ ಕೇಳಬೇಡಿ, ಅವರು ಈಗ ನಿಮ್ಮ ಮುಂದೆ ಟಿವಿಯಲ್ಲಿ ಮಾತಾಡ್ತಿದ್ದಾರೆ.

ನಾಚಿಕೆಯಾಗಿದ್ದು ಆವತ್ತಲ್ಲ. ಕೆಲವು ತಿಂಗಳ ನಂತರ, ಇದೇ ಸ್ಟುಡಿಯೋದಲ್ಲಿ.

ನಮ್ಮ ಭಾಗದ ಒಂದು ಊರಿನ ಪಕ್ಕದ ಗುಡ್ಡದಲ್ಲಿ ಚಿರತೆ ಕಂಡಿದೆ ಅಂತ ಸುದ್ದಿ ಬಂತು. ರಾಯಚೂರು ಕಡೆಯ ಗುಡ್ಡ ನೀವು ನೋಡಿರಬಹುದು, ಬಂಡೆ ಮೇಲೆ ಬಂಡೆ ಪೇರಿಸಿಟ್ಟ ಹಾಗೆ, ನಡುವೆ ಗವಿ. ಅಂಥ ಜಾಗದಲ್ಲಿ ಚಿರತೆ ಇರುವುದು ಹೊಸದೇನಲ್ಲ. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಬೇರೆ ದೊಡ್ಡ ಸುದ್ದಿ ಇಲ್ಲದ ದಿನ ಅದು. ನಾನು ನೇರಪ್ರಸಾರಕ್ಕೆ ಕೂತೆ. ಹಿಂದೆ ಎದೆ ಡಬಡಬ ಅನ್ನುವ ಸಂಗೀತ, ಕೆಳಗೆ ಕೆಂಪು ಪಟ್ಟಿ. ಪಟ್ಟಿಯಲ್ಲಿ "ನರಭಕ್ಷಕ" ಅಂತ ಬಂತು. ನಾನೂ ಓದಿದೆ. ಒಂದಲ್ಲ, ಎಷ್ಟೋ ಸಲ ಓದಿದೆ. ಜಾಹೀರಾತಿನ ನಡುವೆ ಫೋನು ನೋಡಿದರೆ ಅಪ್ಪನ ನಾಲ್ಕು ಮಿಸ್ ಕಾಲ್. ಮಾಡಿದೆ.

"ಯಪ್ಪಾ, ಅದು ಯಾರನ್ನ ತಿಂದೈತಿ?" ಅಂದರು ಅಪ್ಪ.

"ಯಾರನ್ನೂ ಇಲ್ಲಪ್ಪ."

"ಮತ್ಯಾಕ ಹಂಗಂತಿ? ನಿನ್ನ ಟಿವಿ ನೋಡಿ ಇಲ್ಲಿ ಹುಡುಗ್ರು ಬೈಕ್ ಹತ್ತಿ ಹೊಂಟಾರ. ಒಂದೊಂದು ಗಾಡಿ ಮ್ಯಾಲ ಮೂರು ಮೂರು ಮಂದಿ. ಕೈಯಾಗ ಬಡಿಗಿ ಹಿಡ್ಕಂಡು."

ಸಂಜೆ ಹೊತ್ತಿಗೆ ಆ ಗುಡ್ಡದ ಸುತ್ತ ನೂರಾರು ಜನ. ಕಲ್ಲು ತೂರಿದರು, ಕೂಗಿದರು. ಬೆದರಿದ ಪ್ರಾಣಿ ಜನರ ನಡುವೆಯೇ ನುಗ್ಗಿ ಓಡಿತು. ಓಡುವಾಗ ಒಬ್ಬ ಹುಡುಗನ ಹೆಗಲು ಪರಚಿತು. ಹೊಲಿಗೆ ಬಿತ್ತು, ಹುಡುಗ ಉಳಿದ. ಚಿರತೆ ಮತ್ತೆ ಕಾಣಲಿಲ್ಲ. ನಮ್ಮಲ್ಲಿ ರಾತ್ರಿ ಒಂಬತ್ತರ ಸುದ್ದಿಗೆ ಹೆಡ್‌ಲೈನ್ ಏನಿತ್ತು ಅಂದರೆ, "ಯುವಕನ ಮೇಲೆ ಚಿರತೆ ಅಟ್ಟಹಾಸ". ಅದನ್ನೂ ನಾನೇ ಓದಿದೆ.

ಆ ವರ್ಷ ದಸರಾಕ್ಕೆ ಊರಿಗೆ ಹೋದೆ. ಕಾಡಿಗೆ ಬೇಡ ಅಂತ.

ನಮ್ಮೂರು ಗುರುಗುಂಟಾ. ಲಿಂಗಸುಗೂರು ತಾಲ್ಲೂಕು. ಬಹಳ ಜನಕ್ಕೆ ಅಮರೇಶ್ವರನ ಗುಡಿಯಿಂದ ಗೊತ್ತು, ಕೆಲವರಿಗೆ ಪಕ್ಕದ ಹಟ್ಟಿ ಚಿನ್ನದ ಗಣಿಯಿಂದ. ಒಂದು ಕಾಲದಲ್ಲಿ ನಿಜಾಮರ ಕೆಳಗೆ ಇದೇ ಒಂದು ಪುಟ್ಟ ಸಂಸ್ಥಾನ. ದಸರಾ ಅಂದರೆ ನಮ್ಮಲ್ಲಿ ಬನ್ನಿ. ಸಂಜೆ ಬನ್ನಿ ಎಲೆ ಕೈಯಲ್ಲಿಟ್ಟು, ಬಂಗಾರ ತಗೊಂಡು ಬಂಗಾರದಂಗ ಇರೋಣ ಅಂತ ಕಾಲಿಗೆ ಬೀಳುವುದು. ಕೂಗಳತೆಯಲ್ಲಿ ನಿಜವಾದ ಬಂಗಾರ ತೆಗೆಯುವ ಗಣಿ ಇಟ್ಟುಕೊಂಡು ಎಲೆಯನ್ನು ಬಂಗಾರ ಅನ್ನುವ ಊರು ನಮ್ಮದು.

ಅಣ್ಣನ ಮಗಳು ಏಳನೇ ತರಗತಿ. ರಜೆಯಲ್ಲಿ ಮಾಡಲಿಕ್ಕೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು, "ನಮ್ಮ ರಾಜ್ಯದ ರಾಷ್ಟ್ರೀಯ ಉದ್ಯಾನಗಳು". ಕರ್ನಾಟಕದ ನಕ್ಷೆ ಬರೆದು ಐದು ಕಡೆ ಹಸಿರು ಚುಕ್ಕಿ ಇಟ್ಟಿದ್ದಳು. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ನಕ್ಷೆಯ ಮೇಲಿನ ಬಲಭಾಗ ಪೂರಾ ಖಾಲಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ಒಂದು ಚುಕ್ಕಿಯೂ ಇಲ್ಲ.

"ಕಾಕಾ, ನಮ್ಮ ಕಡಿ ಒಂದೂ ಇಲ್ಲೇನು?"

ರಾಷ್ಟ್ರೀಯ ಉದ್ಯಾನ ಇಲ್ಲವಮ್ಮ, ಬೇರೆ ಬೇರೆ ಇವೆ ಅಂದೆ. ಏನೇನಿವೆ ಅಂದಳು. ದರೋಜಿ ಕರಡಿಧಾಮ ಅಂದೆ. ಆಮೇಲೆ ಚಿಂಚೋಳಿ. ಅಲ್ಲಿಗೆ ನನ್ನ ಸರಕು ಖಾಲಿ. ದೆಹಲಿ ರಾಜಕಾರಣದ ಬಗ್ಗೆ ದಿನಾ ಒಂದು ತಾಸು ಮಾತಾಡುವವನಿಗೆ ನಮ್ಮೂರಿನ ಸುತ್ತ ಐವತ್ತು ಮೈಲಿಯಲ್ಲಿ ಯಾವ ಜೀವ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ಅಪ್ಪ ಅಲ್ಲಿಂದಲೇ ಅಂದರು, "ಬೋನಾಳಕ್ಕ ಕರ್ಕೊಂಡು ಹೋಗು. ಹೊಳಿ ದಾಟಿದ್ರ ಸುರಪುರ, ಅಲ್ಲೇ ಐತಿ."

ಹೊಳೆ ಅಂದರೆ ಕೃಷ್ಣೆ. ನಮ್ಮೂರ ರಸ್ತೆ ಹಿಡಿದು ತಿಂಥಣಿ ಸೇತುವೆ ದಾಟಿದರೆ ಯಾದಗಿರಿ ಜಿಲ್ಲೆ. ಬೋನಾಳ ಇರುವುದು ಸುರಪುರ ತಾಲ್ಲೂಕಿನಲ್ಲಿ. ದಾರಿಯಲ್ಲಿ ಮಗುವಿಗೆ ಕಾನೂನಿನ ಪಾಠ ಮಾಡಿದೆ, ಆಂಕರ್ ಅಲ್ವಾ, ಸುಮ್ಮನಿರಲಿಕ್ಕಾಗಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲು ಮುಖ್ಯವಾಗಿ ಎರಡೇ ಇದ್ದವು, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯ. ಎರಡೂ ಕಾಡಿಗೆ ಬೇಲಿ ಹಾಕಿ ಮನುಷ್ಯರನ್ನು ದೂರ ಇಡುವ ಲೆಕ್ಕಾಚಾರದವು, ಉದ್ಯಾನದಲ್ಲಿ ಬಿಗಿ ಜಾಸ್ತಿ. 2002ರ ತಿದ್ದುಪಡಿಯಲ್ಲಿ ಇನ್ನೆರಡು ಬಂದವು. ಒಂದು ಸಂರಕ್ಷಣಾ ಮೀಸಲು, ಸರ್ಕಾರದ ಜಾಗದಲ್ಲಿ ಅಕ್ಕಪಕ್ಕದ ಊರಿನವರ ಜೊತೆ ಮಾತಾಡಿ ಮಾಡುವಂಥದ್ದು. ಇನ್ನೊಂದು ಸಮುದಾಯ ಮೀಸಲು, ಜನರದ್ದೇ ಜಾಗದಲ್ಲಿ. ಬಯಲುಸೀಮೆಗೆ ಹೊಂದುವುದು ಇವೇ. ನಮ್ಮಲ್ಲಿ ದಟ್ಟ ಕಾಡಿಲ್ಲ. ಕೆರೆ ಇವೆ, ಹೊಲ ಇವೆ, ಗುಡ್ಡ ಇವೆ, ನಡುವೆ ಊರಿವೆ. ಕೇಳುತ್ತ ಕೇಳುತ್ತ ಅವಳು ನಿದ್ದೆ ಹೋಗಿದ್ದಳು.

ಬೋನಾಳ ಕೆರೆ ಕಟ್ಟಿಸಿದವರು ಸುರಪುರದ ನಾಯಕ ಅರಸರು, 17ನೇ ಶತಮಾನದಲ್ಲಿ. ಅದನ್ನು ಆಮೇಲೆ ದೊಡ್ಡದು ಮಾಡಿಸಿದವರು ಫಿಲಿಪ್ ಮೆಡೋಸ್ ಟೇಲರ್. ಸುರಪುರದವರ ಬಾಯಲ್ಲಿ ಈಗಲೂ ಟೇಲರ್ ಸಾಹೇಬ. 1841ರಿಂದ ಹತ್ತು ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ. ಅವರು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಅಂತ ಸುರಪುರದ ಗುಡ್ಡದ ಮೇಲಿದೆ. ಕೆರೆ ಆಗ ಆಗಿದ್ದು ಹೊಲಕ್ಕೆ, ಹಕ್ಕಿಗೆ ಅಂತ ಅಲ್ಲ. ನಾನು ಇಂಜಿನಿಯರಿಂಗ್ ಓದುವಾಗ ನೀರಾವರಿ ಅನ್ನುವ ವಿಷಯದಲ್ಲಿ ಕೆರೆ ಅಂದರೆ ಏರಿ, ತೂಬು, ಕೋಡಿ, ಅಚ್ಚುಕಟ್ಟು. ಅದರ ನೀರಿಗೆ ಇಳಿಯುವ ಹಕ್ಕಿಗಳ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಹಕ್ಕಿಗಳು ಆ ಪುಸ್ತಕ ಓದಿಲ್ಲ, ಬಂದವು.

ನಾವು ಹೋದಾಗ ಕೆರೆ ತುಂಬಿತ್ತು. ಆಪಿನ ನಡುವೆ ನೇರಳೆ ಜಂಬುಕೋಳಿಗಳು ಕೆಂಪು ಕಾಲು ಎತ್ತಿ ಎತ್ತಿ ಇಡುತ್ತ ಓಡಾಡುತ್ತಿದ್ದವು. ನೀರುಕಾಗೆ ರೆಕ್ಕೆ ಹರವಿ ಒಣಗಿಸುತ್ತಿತ್ತು. ಬೆಳ್ಳಕ್ಕಿ, ಕೆಂಬರಲು, ಒಂದೆರಡು ಬಣ್ಣದ ಕೊಕ್ಕರೆ. ಮಗುವಿಗೆ ಖುಷಿ. ನನಗೆ ಮಾತ್ರ ಒಂದೇ ಹುಡುಕಾಟ. ದಾರಿಯಲ್ಲಿ ಫೋನಿನಲ್ಲಿ ಓದಿದ್ದೆ, ಇಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಸಿಗುತ್ತೆ ಅಂತ. ಹುಲಿ ಹೋಯಿತು, ಹೆಬ್ಬಾತು ಬಂತು, ನನ್ನ ಚಾಳಿ ಅದೇ. ಏರಿ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ ಹಿರಿಯರನ್ನು ಕೇಳಿದೆ.

"ಪರದೇಶದ ಹಕ್ಕಿ ಎಲ್ಲಿ ಕೂಡ್ತಾವರಿ ಯಜಮಾನ್ರ?"

ಅವರು ನನ್ನ ಬೂಟು ನೋಡಿದರು, ಕಾರು ನೋಡಿದರು. "ಈಗೆಲ್ಲಿ ಬರ್ತಾವರಿ? ಬನ್ನಿ ಹಬ್ಬಕ್ಕ ಬರೋ ಹಕ್ಕಿ ಅಲ್ಲ ಅವು. ಥಂಡಿ ಬೀಳ್ಬೇಕು. ಕಡ್ಲಿ ಮೊಣಕಾಲಿಗೆ ಬರೋ ಹೊತ್ತಿಗೆ ಬರ್ರಿ."

ಇಷ್ಟು ಸರಳ. ನಮಗೆ ರಜೆ ಇದೆ ಅಂತ ಅವು ಬರಲ್ಲ.

ಆ ವರ್ಷ ನವೆಂಬರ್ ಕೊನೆಗೆ ಮತ್ತೆ ಎರಡು ದಿನ ರಜೆ ಹಾಕಿದೆ. ಯಾಕೆ ಅಂತ ಆಫೀಸಿನಲ್ಲಿ ಹೇಳಲಿಲ್ಲ, ಹೇಳಿದ್ದರೆ ನಗ್ತಿದ್ದರು. ಬೆಳಗ್ಗೆ ಐದಕ್ಕೆ ಮಗುವನ್ನು ಎಬ್ಬಿಸಿಕೊಂಡು, ಕಿವಿಗೆ ಟೋಪಿ ಹಾಕಿ, ಅಪ್ಪನನ್ನೂ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ತೊಗರಿ ಹೂ ಕಾಯಿ, ಹತ್ತಿ ಬಿಡಿಸುವ ಹೊಲ. ಹೊಳೆ ದಾಟಿದ ಮೇಲೆ ಕಾಲುವೆ ನೀರಿನ ಭತ್ತ, ಕಪ್ಪು ಎರೆಯಲ್ಲಿ ಕಡಲೆ. ಏರಿ ಹತ್ತಿದಾಗ ಇನ್ನೂ ಮಬ್ಬು. ನೀರಿನ ಮೇಲೆ ಹೊಗೆಯಂಥ ಮಂಜು. ಮೊದಲು ಕಂಡಿದ್ದಲ್ಲ, ಕೇಳಿದ್ದು. ಒಂದು ಥರದ ಗೊಣಗು, ಸಂತೆಗೆ ಬಂದ ಹೆಂಗಸರು ಒಟ್ಟಿಗೆ ಮಾತಾಡಿದ ಹಾಗೆ. ಬೆಳಕು ಹರಿದಾಗ ದಂಡೆಯ ಹತ್ತಿರ ಬೂದು ಬಣ್ಣದ ಸಾಲು. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ.

ಈ ಹಕ್ಕಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ನನ್ನೊಳಗಿನ ಇಂಜಿನಿಯರ್ ಬಿಡ್ತಿಲ್ಲ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಚಳಿಗೆ ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಕಟ್ಟಿ ಬಿಟ್ಟ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಸಿಕ್ಕಿವೆ. ಉಪಗ್ರಹ ಯಂತ್ರ ಕಟ್ಟಿ ನೋಡಿದಾಗ ಒಂದು ಹಕ್ಕಿ 7,000 ಮೀಟರ್ ಎತ್ತರ ದಾಟಿದ್ದು ದಾಖಲಾಗಿದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ನೆಲದ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಈ ಹಕ್ಕಿಯ ರಕ್ತಕ್ಕೆ ಆ ತೆಳು ಗಾಳಿಯಿಂದಲೂ ಆಮ್ಲಜನಕ ಹಿಡಿದುಕೊಳ್ಳುವ ಶಕ್ತಿ ಬೇರೆ ಬಾತುಗಳಿಗಿಂತ ಹೆಚ್ಚು. ನನಗೆ ಅದಕ್ಕಿಂತ ಬೆರಗಾಗಿದ್ದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ. ನಾವಾದರೆ ಏನು ಮಾಡ್ತೀವಿ? ವಿಮಾನದ ಹಾಗೆ ಒಂದು ಎತ್ತರಕ್ಕೆ ಏರಿ ನೇರ ಹೋಗ್ತೀವಿ. ಇವು ಹಾಗೆ ಮಾಡಲ್ಲ. ಬೆಟ್ಟ ಬಂದರೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ, ಮತ್ತೆ ಏರುತ್ತವೆ. ಕಷ್ಟಪಟ್ಟು ಏರಿದ ಎತ್ತರವನ್ನು ಯಾಕೆ ಬಿಟ್ಟುಕೊಡಬೇಕು ಅನ್ನಿಸುತ್ತೆ. ಲೆಕ್ಕ ಹಾಕಿದರೆ, ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚೇ ಜಾಸ್ತಿ. ಇಳಿದು ಹತ್ತುವುದೇ ಲಾಭ. ಅದಕ್ಕೆ ಬಹಳ ಸಲ ರಾತ್ರಿ, ನಸುಕು ಹೊತ್ತು ನೋಡಿ ಹಾರುತ್ತವೆ, ತಂಪು ಗಾಳಿ ಸ್ವಲ್ಪ ದಟ್ಟ ಇರುತ್ತೆ ಅಂತ. ಅಷ್ಟು ದೂರದಿಂದ ಅಷ್ಟು ಲೆಕ್ಕ ಹಾಕಿಕೊಂಡು ಬಂದು ಸುರಪುರ ತಾಲ್ಲೂಕಿನ ಒಂದು ಕೆರೆಗೆ ಇಳಿದಿವೆ. ನಾವು ನೋಡುತ್ತ ನಿಂತಿದ್ದು ನಾಲ್ಕು ಜನ. ಕುರಿಯ ಯಜಮಾನರನ್ನು ಸೇರಿಸಿ.

ಮಗು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಾಕಾ, ಇವಕ್ಕ ಇಲ್ಲಿ ಏನ್ ಸಿಗ್ತದ?" ಅಂದಳು.

ಅದಕ್ಕೆ ಉತ್ತರ ಸಂಜೆ ಸಿಕ್ಕಿತು. ಹೊತ್ತು ಇಳಿಯುವಾಗ ಹೆಬ್ಬಾತುಗಳು ತಂಡ ತಂಡವಾಗಿ ಎದ್ದು ಹೊಲದ ಕಡೆ ಹಾರಿದವು. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಮೇವು. ಅವು ಹುಲ್ಲು ಮೇಯುವ ಹಕ್ಕಿಗಳು, ಎಳೆ ಪೈರು ಅಂದರೆ ಪ್ರಾಣ. ಏರಿ ಕೆಳಗೆ ಒಂದು ಹೊಲದಲ್ಲಿ ಬ್ಯಾಟರಿ ಬೆಳಕು ಓಡಾಡುತ್ತಿತ್ತು. ಹತ್ತಿರ ಹೋದೆವು. ನಮ್ಮ ಅಪ್ಪನಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ರೈತ, ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಡಬ್ಬಿ. ಬಡಿದು ಹಕ್ಕಿ ಎಬ್ಬಿಸಲಿಕ್ಕೆ. ಅಪ್ಪ ಮಾತಿಗೆ ಎಳೆದರು. ನಾನು ಫೋನು ತೆಗೆದು ರೆಕಾರ್ಡ್ ಮಾಡಲಾ ಅಂದೆ. ಮಾಡ್ರಿ ಅಂದರು. ಅವರು ಹೇಳಿದ್ದು ಇಷ್ಟು:

"ಅವೂ ಜೀವ ಅಲ್ಲೇನ್ರಿ. ಎಲ್ಲಿಂದ್ಲೋ ಬಂದಾವ, ಬೀಗ್ರು ಇದ್ದಂಗ. ನಮ್ಮಪ್ಪನೂ ಒಂದು ಕಲ್ಲು ಒಗಿಲಿಲ್ಲ, ನಾನೂ ಒಗಿಯೋದಿಲ್ಲ. ಡಬ್ಬಿ ಬಡಿತೀನಿ, ಅಷ್ಟ. ಆದ್ರ ಬೀಗ್ರಿಗೆ ಊರೆಲ್ಲ ಕೂಡಿ ಊಟ ಹಾಕ್ಬೇಕಲ್ಲರಿ? ನನ್ನೊಬ್ಬನ ಹೊಲದಾಗ ಯಾಕ? ನೋಡಾಕ ಬಂದವ್ರು ಫೋಟೋ ಹೊಡ್ಕಂಡು ಹೋಗ್ತಾರ. ಬಿತ್ತಿದ ಬೀಜದ ರೊಕ್ಕ ಯಾರನ್ನ ಕೇಳ್ಲಿ?"

ಇದಕ್ಕೆ ಉತ್ತರ ಇಲ್ಲ ಅನ್ನಬೇಡಿ. ನಮ್ಮ ರಾಜ್ಯದಲ್ಲೇ ಉತ್ತರ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಆ ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಹಕ್ಕಿ ಕೂತ ಮರದ ಹುಣಸೆ ಫಸಲು ಕೈಗೆ ಬರಲ್ಲ. ಆ ನಷ್ಟಕ್ಕೆ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಎಷ್ಟೋ ವರ್ಷದ ಹಿಂದೆಯೇ ಬಂತು. 2007ರಲ್ಲಿ ಆ ಊರು ಸಮುದಾಯ ಮೀಸಲು ಆಯಿತು. ಪ್ರೀತಿ ಜನರದ್ದು, ಅದರ ಖರ್ಚಿನಲ್ಲಿ ಒಂದು ಪಾಲು ಸರ್ಕಾರದ್ದು. ಹುಣಸೆ ಮರಕ್ಕೆ ಲೆಕ್ಕ ಹಾಕಲಿಕ್ಕೆ ಬರುತ್ತೆ ಅಂದರೆ ಕಡಲೆ ಹೊಲಕ್ಕೂ ಬರಬೇಕು. ಬೆಂಗಳೂರಿಗೆ ಹತ್ತಿರದ ಊರಿಗೆ ಒಂದು, ಕೃಷ್ಣೆ ಆಚೆಯ ಊರಿಗೆ ಇನ್ನೊಂದು ಅಂತ ಆಗಬಾರದು. ಈ ಮಾತನ್ನು ನಾನು ಸುರಪುರ, ಲಿಂಗಸುಗೂರು ಕಡೆಯ ಎಲ್ಲ ಪಕ್ಷದ ಜನಪ್ರತಿನಿಧಿಗಳಿಗೂ ಹೇಳ್ತಿದ್ದೀನಿ. ನಮ್ಮ ಸ್ಟುಡಿಯೋಕ್ಕೆ ಬನ್ನಿ, ಇದರ ಮೇಲೆ ಚರ್ಚೆ ಮಾಡೋಣ. ಕುರ್ಚಿ ಖಾಲಿ ಇದೆ.

ವೀಕ್ಷಕರಿಗೂ ಒಂದು ಮಾತಿದೆ. ಈ ಸಲ ದಸರಾಕ್ಕೆ ಸಫಾರಿ ಸೀಟು ಸಿಗದಿದ್ದರೆ ಅಳಬೇಡಿ. ಹಂಪಿಗೆ ಹೋಗುವವರು ಒಂದು ಮಧ್ಯಾಹ್ನ ದರೋಜಿಗೆ ಮೀಸಲಿಡಿ. 1994ರಲ್ಲಿ ಆದ ಕರಡಿಧಾಮ ಅದು. ವೀಕ್ಷಣಾ ಗೋಪುರದ ಮೇಲೆ ಬಾಯಿ ಮುಚ್ಚಿಕೊಂಡು ಕೂತರೆ ಎದುರಿನ ಬಂಡೆಗಳ ನಡುವಿಂದ ಕರಡಿ ಇಳಿದು ಬರುತ್ತೆ, ಬೆನ್ನ ಮೇಲೆ ಮರಿ ಹೊತ್ತುಕೊಂಡು ಬಂದರೆ ನಿಮ್ಮ ಪುಣ್ಯ. ದುರ್ಬೀನು ತಗೊಂಡು ಹೋಗಿ, ದೂರದಿಂದ ನೋಡಬೇಕಾಗುತ್ತೆ. ಅಲ್ಲಿಂದ ಹಗರಿಬೊಮ್ಮನಹಳ್ಳಿ ಕಡೆ ಹೋದರೆ ಅಂಕಸಮುದ್ರ, ಕೆರೆ ನೀರಿನಲ್ಲೇ ನಿಂತ ಜಾಲಿ ಮರಗಳ ಮೇಲೆ ಹಕ್ಕಿ ಸಂತೆ. ಚಳಿ ಬಿದ್ದ ಮೇಲೆ ಹೋಗುವುದಾದರೆ ಗದಗ ಜಿಲ್ಲೆಯ ಮಾಗಡಿ ಕೆರೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತು ಚಳಿಗಾಲ ಕಳೆಯುವ ಬಹು ದೊಡ್ಡ ತಾಣಗಳಲ್ಲಿ ಅದೊಂದು. ಅಂಕಸಮುದ್ರ, ಮಾಗಡಿ ಎರಡೂ ಸಂರಕ್ಷಣಾ ಮೀಸಲು. 2024ರ ಆರಂಭದಲ್ಲಿ ಎರಡನ್ನೂ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿದರು. ಮಾಗಡಿ ಕೆರೆ ನೂರಿಪ್ಪತ್ತು ಎಕರೆ ಆಸುಪಾಸಿನದ್ದು. ದೊಡ್ಡ ಕೆರೆ ಅನ್ನುವಂಥದ್ದಲ್ಲ. ಹೆಸರು ಬರಲಿಕ್ಕೆ ಕೆರೆ ದೊಡ್ಡದಿರಬೇಕಿಲ್ಲ, ಅದರ ಪರವಾಗಿ ಮಾತಾಡುವವರು ಇರಬೇಕು. ಆ ವರ್ಷ ಸೇರಿದ ಹೆಸರುಗಳಲ್ಲಿ ಬೋನಾಳ ಇರಲಿಲ್ಲ.

ಹೋದ ಕಡೆ ಅಲ್ಲಿಯ ಅಂಗಡಿಯಲ್ಲೇ ಚಹಾ ಕುಡಿಯಿರಿ, ಅಲ್ಲಿಯ ಖಾನಾವಳಿಯಲ್ಲೇ ರೊಟ್ಟಿ ಊಟ ಮಾಡಿ. ಹಕ್ಕಿಯಿಂದ ಊರಿಗೆ ನಾಲ್ಕು ಕಾಸು ಬರುತ್ತೆ ಅಂತಾದರೆ ಊರು ಹಕ್ಕಿ ಕಾಯುತ್ತೆ. ಹಕ್ಕಿ ಎದ್ದು ಹಾರುವುದನ್ನು ವಿಡಿಯೋ ಮಾಡಲಿಕ್ಕೆ ಅಂತ ಚಪ್ಪಾಳೆ ಹೊಡೆಯುವವರನ್ನು ನೋಡಿದ್ದೀನಿ. ದಯವಿಟ್ಟು ಬೇಡ. ಡ್ರೋನ್ ಅಂತೂ ಬೇಡವೇ ಬೇಡ.

ಇನ್ನು ನನ್ನ ಕಥೆ ಮುಗಿಸಿಬಿಡ್ತೀನಿ. ಆವತ್ತು ತೆಗೆದ ವಿಡಿಯೋ ಬೆಂಗಳೂರಿಗೆ ತಂದು ಡೆಸ್ಕಿಗೆ ಕೊಟ್ಟೆ. ಹಕ್ಕಿ ಇತ್ತು, ಮಂಜು ಇತ್ತು, ರೈತರ ಮಾತು ಪೂರ್ತಿ ಇತ್ತು. ಮೂರು ನಿಮಿಷ ಕೇಳಿದೆ. ನಲವತ್ತು ಸೆಕೆಂಡ್ ಸಿಕ್ಕಿತು, ಸಂಜೆ ಬುಲೆಟಿನ್ ಕೊನೆಗೆ, ಹವಾಮಾನಕ್ಕೆ ಮುಂಚೆ. ಚಿರತೆಗೆ ನಾವು ಇಡೀ ಮಧ್ಯಾಹ್ನ ಕೊಟ್ಟಿದ್ದೆವು. ಇರಲಿ, ನಲವತ್ತು ಸೆಕೆಂಡ್ ಆದರೂ ಬಂತಲ್ಲ ಅಂತ ನಾನು ಖುಷಿಯಲ್ಲಿದ್ದೆ. ಚಂದ ಕಂಡಿತು. ಹಿನ್ನೆಲೆಗೆ ಕೊಳಲು ಹಾಕಿದ್ದರು.

ಹತ್ತು ನಿಮಿಷಕ್ಕೆ ಅಪ್ಪನ ಫೋನು. ಹೊಗಳ್ತಾರೆ ಅಂತ ಎತ್ತಿದೆ.

"ಹಕ್ಕಿ ತೋರಿಸಿದಿ, ಕೆರಿ ತೋರಿಸಿದಿ. ಛಲೋ ಆತು. ಆ ಮನಷ್ಯಾ ಅಷ್ಟು ಹೊತ್ತು ಥಂಡ್ಯಾಗ ನಿಂತು ಹೇಳಿದ್ನಲ್ಲ, ಅದೆಲ್ಲಿ ಹೋತು?"

ಅದು ಎಡಿಟ್‌ನಲ್ಲಿ ಹೋಗಿತ್ತು. ನಲವತ್ತು ಸೆಕೆಂಡಿನಲ್ಲಿ ಹಿಡಿಸಲಿಲ್ಲ ಅಂದೆ. ಅಪ್ಪ ಏನೂ ಅನ್ನಲಿಲ್ಲ. ಊಟ ಆತೇನು ಅಂತ ಕೇಳಿ ಇಟ್ಟುಬಿಟ್ಟರು.

ಅದಕ್ಕೇ ಇವತ್ತು ನನ್ನ ಈ ಹೊತ್ತಿನಲ್ಲಿ, ಯಾರೂ ಕತ್ತರಿಸಲಾಗದ ಕಡೆ, ಆ ಮಾತನ್ನು ಹಾಗೇ ನಿಮ್ಮ ಮುಂದೆ ಇಟ್ಟೆ. ಕೆಳಗಿನ ಪಟ್ಟಿಯಲ್ಲೂ ಅದನ್ನೇ ಹಾಕಲಿಕ್ಕೆ ಹೇಳಿದ್ದೀನಿ, ಈಗ ಓಡ್ತಿರಬೇಕು, ನೋಡಿ: "ಬಿತ್ತಿದ ಬೀಜದ ರೊಕ್ಕ ಯಾರನ್ನ ಕೇಳ್ಲಿ?"